ಎಲ್ಲದಕ್ಕೂ ‘ಹೂಂ’ ಅನ್ನುವ ಹುಡುಗಿ

ಇದು ಜಾರ್ಖಂಡ್‌ನ ಖೂಂಟಿ ಜಿಲ್ಲೆಯ ಪ್ರಕರಣ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮುಂಡಾ ಎಂಬ ಆದಿವಾಸಿ ಸಮುದಾಯದ ಹುಡುಗಿ, ನಾಲ್ಕನೇ ತರಗತಿ. ಮನೆಯಲ್ಲಿ ಮುಂಡಾರಿ, ಶಾಲೆಯಲ್ಲಿ ಹಿಂದಿ. ಮಾರ್ಚ್ ಬಂತೆಂದರೆ ಶಾಲೆಗೆ ಚಕ್ಕರ್, ಅದಕ್ಕೇ ನನ್ನ ಬಳಿ ಕರೆತಂದಿದ್ದರು. ರಾಂಚಿಯ ಹಾಸ್ಟೆಲ್‌ಗೆ ಸೇರಿಸಬೇಕು, ಅಲ್ಲಿಯವರೆಗೆ ಮನೆಯಲ್ಲೂ ಹಿಂದಿಯಲ್ಲೇ ಮಾತಾಡಿಸಬೇಕು ಅನ್ನುವುದು ಅಪ್ಪನ ಲೆಕ್ಕ.

ಮೊದಲು ಅವಳನ್ನು ಹಿಂದಿಯಲ್ಲಿ ಕೇಳಿದೆ. ಶಾಲೆ ಇಷ್ಟಾನಾ? ಹೂಂ. ಪಾಠ ಅರ್ಥ ಆಗುತ್ತಾ? ಹೂಂ. ಯಾರಾದರೂ ಹೊಡೀತಾರಾ? ಅದಕ್ಕೂ ಹೂಂ! ಆಮೇಲೆ ಮುಂಡಾರಿಯಲ್ಲಿ ಬೇರೆ ಬೇರೆ ರೀತಿ ಕೇಳಿಸಿದಾಗ, ಹೊಡೆತ ಇಲ್ಲ ಅಂತ ಖಚಿತವಾಯಿತು. ದೊಡ್ಡವರು ಕೇಳಿದರೆ ತಲೆಯಾಡಿಸಬೇಕು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ನಗುಮುಖದ ಚಿತ್ರಕ್ಕೆ ಟಿಕ್ ಹಾಕಿಸಿ ಮಕ್ಕಳೆಲ್ಲ ಶಾಲೆಯಲ್ಲಿ ಖುಷಿಯಾಗಿದ್ದಾರೆ ಎಂದು ವರದಿ ಬರೆಯುವವರು ಇದನ್ನೊಂದು ಗಮನಿಸಿದರೆ ಒಳ್ಳೆಯದು.

ಮುಂದಿನ ಸಲ ಊರಿನ ಸಹಿಯಾ ಜೊತೆಗಿದ್ದರು (ನಮ್ಮ ಆಶಾ ಕಾರ್ಯಕರ್ತೆಯರಿಗೆ ಅಲ್ಲಿ ಹಾಗನ್ನುತ್ತಾರೆ). ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡ್ತೀಯ ಹೇಳು ಅಂದದ್ದೇ ತಡ, ಮಾತು ನಿಲ್ಲಲೇ ಇಲ್ಲ. ಗೆಳತಿಯರು, ಬಿಸಿಯೂಟದ ಮೊಟ್ಟೆ, ಬಿದಿರಿನ ಕೋಲಲ್ಲಿ ಹಾಕಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ನಿಕ್ಕಿ ಪ್ರಧಾನ್ ಇದೇ ಜಿಲ್ಲೆಯವರು, ಹಾಗಾಗಿ ಹಾಕಿ ಅಂದರೆ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರಾಣ. ಅಂದರೆ ಶಾಲೆ ಅವಳಿಗೆ ಬೇಡವಾಗಿಲ್ಲ, ತರಗತಿ ಬೇಡವಾಗಿದೆ. ಉತ್ತರ ಗೊತ್ತಿರುತ್ತದೆ, ಆದರೆ ಅದನ್ನು ಹಿಂದಿಯಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನವರನ್ನು ಕೇಳಿಬಿಟ್ಟಿರುತ್ತಾರೆ. ಇನ್ನು ಮಾರ್ಚ್, ಏಪ್ರಿಲ್‌ನಲ್ಲಿ ಹಿಪ್ಪೆ ಹೂವು ಬೆಳಗಿನ ಜಾವ ಉದುರುತ್ತದೆ, ಅಜ್ಜಿ ಜೊತೆ ಆರಿಸಿ ಶಾಲೆಗೆ ಬರುವಾಗ ತಡ. ತಡವಾದರೆ ಹೊರಗೆ ನಿಲ್ಲಿಸುತ್ತಾರೆ. ಅದಕ್ಕಿಂತ ಹೋಗದಿರುವುದೇ ವಾಸಿ ಅಲ್ವಾ?

ಮನೆಯಲ್ಲಿ ಮುಂಡಾರಿ ಬಿಡಿಸಬೇಡಿ ಅಂದೆ ಅಪ್ಪನಿಗೆ. "ಅದರಿಂದ ಯಾವ ನೌಕರಿ ಸಿಗುತ್ತೆ ಮೇಡಂ?" ಅಂದರು. ನ್ಯಾಯವಾದ ಪ್ರಶ್ನೆ. ಹಿಂದಿ ಬೇಕೇ ಬೇಕು, ಆದರೆ ಮನೆಮಾತಿನಲ್ಲಿ ಯೋಚಿಸಿ ಓದಲು ಕಲಿತ ಮಗು ಎರಡನೆಯ ಭಾಷೆಯನ್ನೂ ಗಟ್ಟಿಯಾಗಿ ಕಲಿಯುತ್ತದೆ ಎಂದು ವಿವರಿಸಿದೆ. ಸಾಧ್ಯವಾದ ಕಡೆ ಐದನೇ ತರಗತಿವರೆಗೆ ಮನೆಮಾತಿನಲ್ಲೇ ಪಾಠ ಅಂತ 2020ರ ಶಿಕ್ಷಣ ನೀತಿ ಹೇಳುತ್ತದೆ, ಆ ತರಗತಿಗೆ ಅದಿನ್ನೂ ಬಂದಿಲ್ಲ. ಹಿಪ್ಪೆ ಹೂವಿನ ದುಡ್ಡು ಮನೆಗೆ ಬೇಕು, ಆರಿಸುವುದು ನಿಲ್ಲಿಸಿ ಅನ್ನಲಿಲ್ಲ. ಗಂಟೆ ಹೊಡೆಯುವ ಮೊದಲು ಮಗಳನ್ನು ಕಳಿಸಿ, ಉಳಿದದ್ದು ದೊಡ್ಡವರು ಆರಿಸಲಿ. ಹಾಸ್ಟೆಲ್ ವಿಚಾರ ಐದನೇ ತರಗತಿ ಮುಗಿದ ಮೇಲೆ, ಅದೂ ಅವಳಿಗೆ ಜಾಗ ತೋರಿಸಿ.

ಮೇಷ್ಟ್ರಿಗೆ ಮುಂಡಾರಿ ಬರುವುದಿಲ್ಲ. ಹೂವಿನ ಕಾಲದಲ್ಲಿ ತಡವಾದರೂ ಒಳಗೆ ಬಿಡಲು ತಕ್ಷಣ ಒಪ್ಪಿದರು. ಮಕ್ಕಳು ಮೊದಲು ಮುಂಡಾರಿಯಲ್ಲಿ ಉತ್ತರಿಸಲಿ, ಇನ್ನೊಬ್ಬರು ಹಿಂದಿಗೆ ತಿರುಗಿಸಲಿ ಅಂದದ್ದಕ್ಕೆ, ಗಲಾಟೆ ಆಗುತ್ತೆ ಅಂತ ಗೊಣಗಿ ಲೆಕ್ಕದ ಪೀರಿಯಡ್ ಮಾತ್ರ ಬಿಟ್ಟುಕೊಟ್ಟರು.

ಈಗ ಹಾಜರಿ ಸುಧಾರಿಸಿದೆ, ಲೆಕ್ಕದಲ್ಲಿ ಕೈಯೆತ್ತುತ್ತಾಳೆ, ಹಿಂದಿ ಓದು ಇನ್ನೂ ಕಷ್ಟ. ಅಪ್ಪ ಹಾಸ್ಟೆಲ್ ಜಪ ಬಿಟ್ಟಿಲ್ಲ. ಅಮ್ಮ ಇಲ್ಲಿವರೆಗೆ ಒಂದು ಭೇಟಿಗೂ ಬಂದಿಲ್ಲ, ಮುಂದಿನ ಸಲ ಅವರನ್ನೂ ಕರೆತನ್ನಿ ಎಂದಿದ್ದೇನೆ.