ದೂರದಿಂದಲೇ ಮೆಚ್ಚಿಕೊಂಡ ಹುಡುಗಿಗೆ ತಕ್ಕವನಾಗುವುದು ಹೇಗೆ?

ನಮ್ಮ ಕೊಡಗಿನ ಹಾಕಿ ಹಬ್ಬದಲ್ಲಿ ಕಂಡು, ಆಗಾಗ ಮೆಸೇಜು ಮಾಡುವಷ್ಟು ಪರಿಚಯವಾದ ಹುಡುಗಿಗೆ ತಕ್ಕವನಾಗುವುದು ಹೇಗೆ ಎಂದಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಹೊತ್ತು ತಿರುಗಿದವನು, ಹಾಗಾಗಿ ನೇರವಾಗಿ ಹೇಳುತ್ತೇನೆ: ಪ್ರಶ್ನೆಯೇ ಸರಿಯಿಲ್ಲ. ಆಕೆ ಯಾರೆಂದೇ ನಿಮಗಿನ್ನೂ ಗೊತ್ತಿಲ್ಲ.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆಕೆಯೇ ಹೇಳಿದ್ದು, ನೀವು ಕಣ್ಣಾರೆ ಕಂಡದ್ದು. ಬಲಕ್ಕೆ ನಿಮ್ಮ ಊಹೆ. ಸ್ಟೇಟಸ್ ನೋಡಿ ಕಟ್ಟಿಕೊಂಡದ್ದೆಲ್ಲ ಬಲಕ್ಕೇ. ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನಾವ್ 1979ರಲ್ಲಿ ಲಿಮರೆನ್ಸ್, ಅಂದರೆ ಒಬ್ಬರ ಮೇಲಿನ ಮೋಹ ಗೀಳಾಗುವುದು, ಎಂದು ವಿವರಿಸಿದ ಸ್ಥಿತಿ ಇದು. ಆಸೆಯ ಜೊತೆ ಅನಿಶ್ಚಿತತೆ ಸೇರಿದಷ್ಟೂ ಬೆಳೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತು ಒಂದೇ ಟಿಕ್ ಬಿದ್ದರೂ ಅದಕ್ಕೊಂದು ಅರ್ಥ ಹುಟ್ಟುವುದು ಇದರಿಂದಲೇ.

ಎಲ್ಲವನ್ನೂ ಕೆಡಿಸುವ ತಪ್ಪು ಒಂದೇ: ಕೂಡಿಟ್ಟದ್ದನ್ನೆಲ್ಲ ಉದ್ದನೆಯ ಮೆಸೇಜಿನಲ್ಲಿ ಸುರಿಯುವುದು. ನಿಮಗದು ತಿಂಗಳುಗಟ್ಟಲೆ ಮಾಗಿದ ಮಾತು, ಆಕೆಗೆ ಅದು ಮೊದಲ ಮಾತು. ಓದಿದ ಕೂಡಲೇ ಹೌದು ಅಥವಾ ಇಲ್ಲ ಎನ್ನಲೇಬೇಕಾದ ಇಕ್ಕಟ್ಟು. ಅದರಲ್ಲಿ ಹೊಗಳಿಸಿಕೊಂಡವಳು ತಾನಲ್ಲ, ನಿಮ್ಮ ಊಹೆಯ ಹುಡುಗಿ ಎಂಬುದೂ ಆಕೆಗೆ ತಿಳಿಯುತ್ತದೆ. ಹೆದರಿ ‘ಇಲ್ಲ’ ಎಂದರೆ ಅದು ನಿಮ್ಮನ್ನು ಅರಿತು ಹೇಳಿದ್ದಲ್ಲ, ಆದರೆ ಮತ್ತೆ ಸಹಜವಾಗಿ ಮಾತಾಡುವ ದಾರಿ ಮುಚ್ಚಿಹೋಗಿರುತ್ತದೆ. ಕಸಿನ್ ಮೂಲಕ ಹೇಳಿಸುವುದಂತೂ ಇನ್ನೂ ಕೆಟ್ಟದ್ದು. ನಮ್ಮ ಜಿಲ್ಲೆಯಲ್ಲಿ ಸಂಜೆಯೊಳಗೆ ಎರಡೂ ಮನೆಗೆ ಸುದ್ದಿ ಮುಟ್ಟಿರುತ್ತದೆ.

ಬದಲಿಗೆ ದಿನ, ಹೊತ್ತು ಹೇಳಿ ಕರೆಯಿರಿ: ಶನಿವಾರ ಹನ್ನೊಂದಕ್ಕೆ ಗೋಣಿಕೊಪ್ಪದಲ್ಲಿ ಒಂದು ಕಾಫಿ. ಮುಕ್ಕಾಲು ಗಂಟೆ ಸಾಕು. ಮಡಿಕೇರಿಯ ರಾಜಾಸೀಟಿನ ಸೂರ್ಯಾಸ್ತ ಮೊದಲ ಭೇಟಿಗೆ ಬೇಡ, ಅಲ್ಲಿ ಮತ್ತೆ ಕನಸೇ ಗೆಲ್ಲುತ್ತದೆ. ನಿಮಗೆ ಉತ್ತರ ಗೊತ್ತಿಲ್ಲದ್ದನ್ನು ಕೇಳಿ, ಅದೇ ಪ್ರಶ್ನೆಗೆ ನಿಮ್ಮ ಉತ್ತರವನ್ನೂ ಹೇಳಿ. ಆರ್ಥರ್ ಏರನ್ ತಂಡ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರನ್ನು 45 ನಿಮಿಷದಲ್ಲಿ ಹತ್ತಿರ ತಂದದ್ದು ಇದೇ ಕ್ರಮ: ಪ್ರಶ್ನೆಗಳು ಮೆಲ್ಲಮೆಲ್ಲಗೆ ಆಳವಾಗುತ್ತ ಹೋದವು, ಇಬ್ಬರೂ ಉತ್ತರಿಸಿದರು. ಒಪ್ಪದಿದ್ದಲ್ಲಿ ಒಪ್ಪುವುದಿಲ್ಲ ಎನ್ನಿ. ಎಲ್ಲಕ್ಕೂ ತಲೆಯಾಡಿಸುವವನಲ್ಲಿ ಆಕೆಗೆ ತಿಳಿದುಕೊಳ್ಳಲು ಏನೂ ಸಿಗುವುದಿಲ್ಲ.

ಭೇಟಿ ಚೆನ್ನಾಗಿ ಆಯಿತೆಂದು ಅಲ್ಲಿಗೇ ಬಿಡಬೇಡಿ. ಹೂ ಅರಳಿಸುವ ಹೂಮಳೆಗೆ ಕಾಫಿ ತೋಟ ಬೆಳ್ಳಗಾದರೂ ಎರಡು ಮೂರು ವಾರದಲ್ಲಿ ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಬಾರದಿದ್ದರೆ ರೋಬಸ್ಟಾ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಎರಡನೆಯ ಭೇಟಿಯನ್ನು ಅಷ್ಟರೊಳಗೆ ಇಟ್ಟುಕೊಳ್ಳಿ. ಆಮೇಲೆ ಗಮನಿಸಿ: ಆಕೆ ತಾನಾಗಿ ಮಾತು ಶುರುಮಾಡುತ್ತಾಳೆಯೇ, ನಿಮ್ಮ ಬಗ್ಗೆ ಕೇಳುತ್ತಾಳೆಯೇ, ಬರಲಾಗದಿದ್ದರೆ ಬೇರೆ ದಿನ ಹೇಳುತ್ತಾಳೆಯೇ? ‘ಬೇಡ’ ಎಂದರೆ ಅಲ್ಲಿಗೇ ಮುಗಿಸಿ. ಎರಡು ಸಲ ಕರೆದಾಗಲೂ ಬಾರದೆ, ಬೇರೆ ದಿನವನ್ನೂ ಹೇಳಲಿಲ್ಲವೆಂದರೆ ಮೂರನೆಯ ಸಲ ಕರೆಯಬೇಡಿ. ಸ್ಟೇಟಸ್ ಮ್ಯೂಟ್ ಮಾಡಿ, ಕಾರಣ ಕೇಳಿ ಮೆಸೇಜೂ ಹಾಕಬೇಡಿ.