ದೊಡ್ಡ ನಟರಿಗೆ ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ಬೇರೆ ಮರ್ಯಾದೆ ಕೊಟ್ಟರೆ ತಪ್ಪೇನು?

ಹೆಸರು ಮಾಡಿದ ನಟರು, ಆಟಗಾರರು ಬಂದರೆ ಜನ ಮುತ್ತಿಕೊಳ್ಳುತ್ತಾರೆ, ಹಾಗಿರುವಾಗ ಸೆಕ್ಯುರಿಟಿಯಲ್ಲಿ ಅವರನ್ನು ಬೇಗ ಬಿಟ್ಟುಬಿಟ್ಟರೆ ಏನು ತಪ್ಪು ಅಂತ ಕೇಳಿದ್ದೀರಿ. ಇಡೀ ರಾಜ್ಯಕ್ಕೇ ಮುಖ ಗೊತ್ತಿರುವವರನ್ನು ಮೈಮುಟ್ಟಿ ತಪಾಸಣೆ ಮಾಡುವುದು ಅವಮಾನ ಅಲ್ವಾ ಅಂತಲೂ ಬರೆದಿದ್ದೀರಿ.

ನಾನು ಅರಸೀಕೆರೆ ಕಡೆಯವಳು. ಹತ್ತು ವರ್ಷ ಕೇಂದ್ರ ಸರ್ಕಾರದ ಭದ್ರತಾ ಪಡೆ ಸಿಐಎಸ್‌ಎಫ್‌ನಲ್ಲಿದ್ದೆ, ಅದರಲ್ಲಿ ಆರು ವರ್ಷ ಏರ್‌ಪೋರ್ಟ್ ಡ್ಯೂಟಿ. ಹೆಂಗಸರ ಸಾಲಿನ ಕೊನೆಗೆ ಪರದೆ ಕಟ್ಟಿದ ಒಂದು ಪುಟ್ಟ ಗೂಡು ಇರುತ್ತದಲ್ಲ, ಅದರೊಳಗೆ ಡಿಟೆಕ್ಟರ್ ಹಿಡಿದು ದಿನವಿಡೀ ನಿಲ್ಲುತ್ತಿದ್ದೆ. ಈಗ ಕೆಲಸ ಬಿಟ್ಟು ಮನೆಯವರ ಜೊತೆ ಹಾಸನದಲ್ಲಿದ್ದೇನೆ. ಯಾವ ಊರಿನ ಏರ್‌ಪೋರ್ಟು, ಯಾವ ನಟಿ ಅಂತ ಹೇಳುವುದಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಜನ ಮುತ್ತಿಕೊಳ್ಳದ ಹಾಗೆ ಅವರನ್ನು ಪಕ್ಕದ ಸಾಲಿನಿಂದ ಕರೆದುಕೊಂಡು ಹೋಗುವುದು ಸರಿ. ಚೆಕ್ ಮಾಡದೆ ಬಿಡುವುದು ತಪ್ಪು. ಇವೆರಡೂ ಒಂದೇ ಅಂದುಕೊಂಡಿರುವುದರಿಂದಲೇ ಗಲಾಟೆಯೆಲ್ಲ ಆಗುವುದು.

ಮೊದಲನೆಯದನ್ನು ನಾವೇ ಎಷ್ಟೋ ಸಲ ಮಾಡಿದ್ದೇವೆ. ಒಮ್ಮೆ ಒಬ್ಬ ಕ್ರಿಕೆಟ್ ಆಟಗಾರ ಮಾಮೂಲಿ ಸಾಲಿನಲ್ಲೇ ಬಂದುಬಿಟ್ಟರು. ಜನ ಟ್ರೇಗೆ ಹಾಕಿದ್ದ ಫೋನನ್ನು ಮತ್ತೆ ಎತ್ತಿಕೊಂಡು ಅವರ ಹಿಂದೆ ಓಡಿದರು. ಬೆಲ್ಟಿನ ಮೇಲೆ ಬ್ಯಾಗು, ಬೆಲ್ಟು, ಲ್ಯಾಪ್‌ಟಾಪು ಎಲ್ಲ ಗುಡ್ಡೆ ಬಿತ್ತು. ಯಾರದ್ದು ಯಾವುದು ಅಂತ ತಿಳಿಯಲು ಕಾಲು ಗಂಟೆ ಹಿಡಿಯಿತು. ಅಂಥ ಹೊತ್ತಿನಲ್ಲಿ ಕಳ್ಳತನ ಆಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಹಾಗಾಗಿ ಅವರಿಗೆ ಬೇರೆ ದಾರಿ ಮಾಡಿಕೊಡುವುದು ಎಲ್ಲ ಪ್ರಯಾಣಿಕರಿಗೂ ಒಳ್ಳೆಯದೇ. ಅದಕ್ಕೆ ನನ್ನ ತಕರಾರಿಲ್ಲ.

ಎರಡನೆಯದಕ್ಕೆ ನಿಯಮವೇ ಅಡ್ಡ ಇದೆ. ವಿಮಾನ ಹತ್ತುವ ಮುಂಚಿನ ತಪಾಸಣೆಯಿಂದ ಯಾರಿಗೆ ವಿನಾಯಿತಿ ಅನ್ನುವುದಕ್ಕೆ ಒಂದು ಪಟ್ಟಿ ಇದೆ. ರಾಷ್ಟ್ರಪತಿ, ಪ್ರಧಾನಿ, ಮಾಜಿ ರಾಷ್ಟ್ರಪತಿಗಳು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ರಾಜ್ಯಪಾಲರು, ಮುಖ್ಯಮಂತ್ರಿಗಳು, ಹೀಗೆ. ನಾಲ್ಕು ಸಿನಿಮಾ ಗೆದ್ದಿದ್ದಾರೆ ಅನ್ನುವ ಕಾರಣಕ್ಕೆ ಅದರಲ್ಲಿ ಯಾರಿಗೂ ಜಾಗ ಇಲ್ಲ. ಈ ಬಿಗಿ ಸುಮ್ನೆ ಬಂದದ್ದೂ ಅಲ್ಲ. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನವನ್ನು ಕಂದಹಾರ್‌ಗೆ ಅಪಹರಿಸಿಕೊಂಡು ಹೋದದ್ದು ನಿಮಗೂ ನೆನಪಿರಬಹುದು. ಅದಾದ ಮೇಲೆಯೇ ಏರ್‌ಪೋರ್ಟ್‌ಗಳ ಕಾವಲು ಒಂದೊಂದಾಗಿ ಸಿಐಎಸ್‌ಎಫ್ ಕೈಗೆ ಬಂದದ್ದು. 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಯಿತು. ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠವೇ ಅದು.

ಇನ್ನು ಅವಮಾನದ ಮಾತು. ಒಂದು ದಿನ ಬೆಳಗಿನ ಜಾವದ ಪಾಳಿಯಲ್ಲಿ ಹೆಸರುವಾಸಿ ನಟಿಯೊಬ್ಬರು ಬಂದರು. ಉದ್ದನೆಯ ದಪ್ಪ ಕೋಟು ಹಾಕಿದ್ದರು. ಕೋಟು ತೆಗೆದು ಟ್ರೇಗೆ ಹಾಕಿ ಮೇಡಂ ಅಂದೆ. ಅವರು ಮಾತಾಡಲಿಲ್ಲ. ಅವರ ಜೊತೆ ಬಂದಿದ್ದ ಮ್ಯಾನೇಜರ್ ಮುಂದೆ ಬಂದು, ‘ಇವರು ಯಾರು ಗೊತ್ತಾ ನಿಮಗೆ?’ ಅಂದ. ಗೊತ್ತು ಸಾರ್, ಕೋಟು ತೆಗೀಬೇಕು ಅಂದೆ. ಆತ ಯಾರಿಗೋ ಫೋನ್ ಹಚ್ಚಿ ನನ್ನ ಮುಖದ ಹತ್ತಿರ ಹಿಡಿದು, ‘ಮಾತಾಡಿ, ನಿಮ್ಮ ಮೇಲಿನವರಿಗಿಂತ ಮೇಲಿನವರು’ ಅಂದ. ಫೋನಿನೊಳಗಿಂದ ಒಂದು ದನಿ ಹಲೋ ಹಲೋ ಅನ್ನುತ್ತಿತ್ತು. ನಾನು ಕೈ ಚಾಚಲಿಲ್ಲ. ಡ್ಯೂಟಿಯಲ್ಲಿ ಬೇರೆಯವರ ಫೋನ್ ತೆಗೆದುಕೊಳ್ಳುವ ಹಾಗಿಲ್ಲ ಅಂತ ಹೇಳಿ ಡಿಟೆಕ್ಟರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಕೈ ನಡುಗುತ್ತಿತ್ತು, ಅದು ಕಾಣಬಾರದು ಅಂತ. ಹಿಂದೆ ಒಬ್ಬ ಬಾಣಂತಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಕಾಯುತ್ತಿದ್ದಳು. ಮಗು ಅಳಲು ಶುರು ಮಾಡಿತು.

ಆಗ ನಟಿಯೇ ಕೋಟು ಬಿಚ್ಚಿ ಟ್ರೇಗೆ ಹಾಕಿದರು. ಪರದೆಯೊಳಗೆ ಬಂದು ಕೈ ಅಗಲಿಸಿ ನಿಂತರು. ಅರ್ಧ ನಿಮಿಷದ ಕೆಲಸ ಅಷ್ಟೇ. ಹೋಗುವಾಗ ಮೆಲ್ಲಗೆ, ‘ಅವರು ಹಾಗೆಯೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಅಂದರು. ಆರು ವರ್ಷದಲ್ಲಿ ನಾನು ಕಂಡ ಹಾಗೆ, ಜಾಸ್ತಿ ಸಲ ‘ಇವರು ಯಾರು ಗೊತ್ತಾ’ ಅನ್ನುವುದು ನಟರಲ್ಲ, ಅವರ ಹೆಸರಿನಲ್ಲಿ ಬದುಕುವವರು. ಆದರೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು ಸುಮ್ಮನಿರುವವರದ್ದೂ ಅದರಲ್ಲಿ ಪಾಲಿದೆ. ಆ ನಟಿ ಮೊದಲ ಮಾತಿಗೇ ಕೋಟು ತೆಗೆದಿದ್ದರೆ ಆ ಮಗು ಅಳುತ್ತಿರಲಿಲ್ಲ.

ಇನ್ನೊಂದು ದಿನ ಹೀಗೆ ಮುಗಿಯಲಿಲ್ಲ. ಅಧಿಕಾರದಲ್ಲಿದ್ದ ಯಾರದೋ ಮನೆಯ ಹೆಂಗಸು. ಪಟ್ಟಿಯಲ್ಲಿ ಅವರಿಗೆ ಜಾಗ ಇರಲಿಲ್ಲ. ನನ್ನ ಮೇಲಿನವರು ಬಂದು ‘ಬಿಟ್ಟುಬಿಡು’ ಅಂದರು, ಬಿಟ್ಟೆ. ಹಿಂದೆ ನಿಂತಿದ್ದ ವಯಸ್ಸಾದ ತಾಯಿ ಗಾಜಿನ ಬಳೆ ಸರಿಸುತ್ತಾ, ‘ಅವರಿಗೆ ಇಲ್ಲ, ನನಗ್ಯಾಕಮ್ಮ?’ ಅಂತ ಕೇಳಿದರು. ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದ ಮಾತು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಲೆ ತಗ್ಗಿಸಿ ಚೆಕ್ ಮಾಡಿ ಕಳಿಸಿದೆ. ಅವಮಾನ ಅಂತ ನೀವು ಬರೆದಿದ್ದೀರಲ್ಲ, ಅವತ್ತು ಅವಮಾನ ಆದದ್ದು ಆ ತಾಯಿಗೆ, ನನಗೆ.

ವಿನಾಯಿತಿ ಇದ್ದೂ ಕೇಳದ ದೊಡ್ಡವರೂ ಇದ್ದಾರೆ. ಅಬ್ದುಲ್ ಕಲಾಂ ಅವರು ಮಾಜಿ ರಾಷ್ಟ್ರಪತಿ, ಪಟ್ಟಿಯಲ್ಲಿ ಇದ್ದವರು. 2009ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಅಮೆರಿಕದ ವಿಮಾನ ಕಂಪನಿಯೊಂದರ ಸಿಬ್ಬಂದಿ ಅವರನ್ನೂ ತಪಾಸಣೆ ಮಾಡಿದರು. ಅವರು ಗಲಾಟೆ ಮಾಡಲಿಲ್ಲ. ಸಂಸತ್ತಿನಲ್ಲಿ ಮಾತು ಎದ್ದು ಕಂಪನಿ ಕ್ಷಮೆ ಕೇಳಿದ್ದು ಜುಲೈನಲ್ಲಿ. ಅಲ್ಲಿಯವರೆಗೂ ಅವರ ಬಾಯಿಂದ ದೂರು ಬಂದಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಮುಂಬೈ ಏರ್‌ಪೋರ್ಟಿನ ಬಾಗಿಲಲ್ಲಿ ನಮ್ಮ ಒಬ್ಬ ಎಎಸ್‌ಐ ಸಲ್ಮಾನ್ ಖಾನ್ ಅವರನ್ನು ತಡೆದು ನಿಲ್ಲಿಸಿದ ವಿಡಿಯೋ ನೀವೂ ನೋಡಿರಬೇಕು. ಆ ಹುಡುಗನಿಗೆ ಬಹುಮಾನ ಕೊಟ್ಟಿದ್ದೇವೆ ಅಂತ ಸಿಐಎಸ್‌ಎಫ್ ಹೇಳಿದಾಗ ನನ್ನ ಕಣ್ಣು ತುಂಬಿತು. ಅಲ್ಲಿ ನಿಲ್ಲುವುದು ಎಷ್ಟು ಕಷ್ಟ ಅಂತ ನಿಂತವರಿಗೇ ಗೊತ್ತು.

ಹೆಸರಿದ್ದವರ ದೂರೆಲ್ಲ ದರ್ಪ ಅಂತಲೂ ನಾನು ಹೇಳುವುದಿಲ್ಲ. ಅದೇ 2021ರ ಅಕ್ಟೋಬರ್‌ನಲ್ಲಿ ನರ್ತಕಿ ಸುಧಾ ಚಂದ್ರನ್ ಒಂದು ವಿಡಿಯೋ ಹಾಕಿದರು. ಅವರದ್ದು ಕೃತಕ ಕಾಲು. ಪ್ರತಿ ಸಲವೂ ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿಸುತ್ತಾರೆ, ತುಂಬಾ ನೋವಾಗುತ್ತದೆ ಅಂತ ಹೇಳಿಕೊಂಡರು. ಸಿಐಎಸ್‌ಎಫ್ ಬಹಿರಂಗವಾಗಿ ಕ್ಷಮೆ ಕೇಳಿತು. ಕೇಳಲೇಬೇಕಿತ್ತು. ಅವರು ನನ್ನನ್ನು ಬಿಟ್ಟುಬಿಡಿ ಅನ್ನಲಿಲ್ಲ, ಮನುಷ್ಯರ ಹಾಗೆ ಚೆಕ್ ಮಾಡಿ ಅಂದರು. ಅವರು ಕೇಳಿದ್ದು ಹೆಸರೇ ಇಲ್ಲದ ಸಾವಿರಾರು ಜನರ ಪರವಾಗಿಯೂ ಆಯಿತು.

2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಏರ್‌ಪೋರ್ಟಿನಲ್ಲಿ 14 ಕೆಜಿಗೂ ಜಾಸ್ತಿ ಚಿನ್ನದ ಜೊತೆ ಒಬ್ಬ ಕನ್ನಡ ನಟಿಯನ್ನು ಕಳ್ಳಸಾಗಣೆ ಪತ್ತೆ ಮಾಡುವ ಕೇಂದ್ರದ ಸಂಸ್ಥೆಯಾದ ಡಿಆರ್‌ಐನವರು ಹಿಡಿದರಲ್ಲ, ಅದು ಕಸ್ಟಮ್ಸ್ ವಿಷಯ, ನಮ್ಮ ತಪಾಸಣೆಯದ್ದಲ್ಲ. ತಪ್ಪಾಗಿದೆಯಾ ಇಲ್ಲವಾ ಅಂತ ತೀರ್ಮಾನಿಸಬೇಕಾದ್ದು ಕೋರ್ಟು. ಆದರೆ ಪೊಲೀಸ್ ಪ್ರೋಟೋಕಾಲ್, ಅಂದರೆ ಗಣ್ಯರನ್ನು ಪೊಲೀಸರೇ ಜೊತೆಗಿದ್ದು ಕರೆದುಕೊಂಡು ಹೋಗುವ ಸೌಲಭ್ಯ, ದುರ್ಬಳಕೆ ಆಯಿತಾ ಅಂತ ಸರ್ಕಾರ ತನಿಖೆ ಮಾಡಿಸಬೇಕಾಗಿ ಬಂತು. ಒಬ್ಬರ ಮುಖ ನೋಡಿ ದಾರಿ ಬಿಡುವ ಅಭ್ಯಾಸ ಆದರೆ ಆ ದಾರಿಯಲ್ಲಿ ಏನು ಬೇಕಾದರೂ ಸಾಗಬಹುದು. ನನಗಿರುವ ಭಯ ಅದೇ.

ಈ ಅಭ್ಯಾಸ ನಟರಲ್ಲಿ ಮಾತ್ರ ಇದೆಯಾ? ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾಳೆ. ದೀಪಾವಳಿ ಹತ್ತಿರ ಬಂತು ಅಂದರೆ ನನ್ನ ಫೋನು ಸುಮ್ಮನಿರುವುದಿಲ್ಲ. ‘ನೀನು ಫೋರ್ಸಲ್ಲಿ ಇದ್ದವಳು, ಪೊಲೀಸರ ಪರಿಚಯ ಇರುತ್ತೆ, ನಾಲ್ಕು ಪಾಸ್ ಕೊಡಿಸು’ ಅಂತ ನೆಂಟರು ಕೇಳುತ್ತಾರೆ. 300, 1000 ರೂಪಾಯಿ ಟಿಕೆಟ್ ಇದೆ, ಧರ್ಮದರ್ಶನದ ಸಾಲೂ ಇದೆ ಅಂದರೆ ಮುಖ ದಪ್ಪ ಮಾಡಿಕೊಳ್ಳುತ್ತಾರೆ. ನಟರನ್ನು ಬೈಯುವ ಬಾಯೇ ಪಾಸ್ ಕೇಳುವುದು ನನಗೆ ತುಂಬಾ ಬೇಸರ ತರಿಸುತ್ತದೆ.

ನನ್ನ ಮನೆಯವರ ವಿಷಯ ಬಂದಾಗ ನಾನೇನು ಮಾಡಿದೆ ಅಂತ ನೀವು ಕೇಳಬಹುದು. ಅದನ್ನೂ ಹೇಳುತ್ತೇನೆ.

ಅವ್ವ ಒಂದು ಸಲ ನನ್ನನ್ನು ನೋಡಲು ಬಂದಿದ್ದಳು. ವಾಪಸ್ ಹೊರಟ ದಿನ ನನ್ನದು ಪಕ್ಕದ ಸಾಲಿನಲ್ಲಿ ಡ್ಯೂಟಿ. ಎಕ್ಸ್‌ರೇ ಮುಂದೆ ಕೂತಿದ್ದ ಗೆಳತಿ ನನಗೆ ಕಣ್ಸನ್ನೆ ಮಾಡಿ ಕರೆದಳು. ಅವ್ವನ ಎಲೆಅಡಿಕೆ ಸಂಚಿ ಸ್ಕ್ರೀನಿನ ಮೇಲಿತ್ತು. ಎಲೆ, ಅಡಿಕೆ, ಬಟ್ಟೆ ಎಲ್ಲ ಕಿತ್ತಳೆ ಬಣ್ಣ. ನಡುವೆ ಗಾಢ ನೀಲಿಯಲ್ಲಿ ಅಡಕತ್ತರಿ. ಲೋಹ ಹಾಗೆ ನೀಲಿಯಾಗಿ ಕಾಣುತ್ತದೆ. ಅದು ನನ್ನ ಅಜ್ಜಿಯದ್ದು, ಹಿಡಿಯಲ್ಲಿ ಸಣ್ಣ ಗಿಳಿ ಇತ್ತು. ದೊಡ್ಡ ಬ್ಯಾಗು ಆಗಲೇ ಹೋಗಿತ್ತು, ಅದಕ್ಕೆ ಹಾಕುವ ಹಾಗಿರಲಿಲ್ಲ. ಗೆಳತಿ ಮೆಲ್ಲಗೆ, ‘ನಿಮ್ಮಮ್ಮನದು, ಬಿಡಲಾ?’ ಅಂದಳು. ಬಳೆ ಸರಿಸಿದ ಆ ತಾಯಿಯ ಮುಖ ನೆನಪಾಯಿತು. ಬೇಡ, ತೆಗೆದಿಡು ಅಂದೆ.

ಲೈಟರು, ಚಾಕು, ಕತ್ತರಿ ಬಿದ್ದಿದ್ದ ಡಬ್ಬಕ್ಕೆ ಅದೂ ಬಿತ್ತು. ಅವ್ವ ಅದನ್ನು ನೋಡುತ್ತಾ ನಿಂತಳು. ಆಮೇಲೆ ಸಂಚಿಯ ದಾರ ಬಿಗಿಯುತ್ತಾ, ಹೆದರಿಕೊಂಡು ನನ್ನ ಹತ್ತಿರ ಬಂದು ಕೇಳಿದಳು: ‘ನಾನು ಇದನ್ನ ತಂದಿದ್ದಕ್ಕೆ ನಿನ್ನ ಕೆಲಸಕ್ಕೇನೂ ತೊಂದ್ರೆ ಆಗಲ್ಲ ತಾನೇ ಮಗಾ?’