ಗೊರಕೆಯ ನಡುವೆ ಉಸಿರು ನಿಂತರೆ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಜೋರು ಗೊರಕೆ; ನಡುನಡುವೆ ಉಸಿರೇ ನಿಂತು ಗಕ್ಕನೆ ಏಳುತ್ತಾರೆ. ಮೊನ್ನೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಟೀರಿಂಗ್ ಹಿಡಿದೇ ತೂಕಡಿಸಿದರು. ಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ಮಲಗಲು ಒಪ್ಪುತ್ತಿಲ್ಲ.
– ಗೃಹಿಣಿ, ರಾಜಾಜಿನಗರ

ಉತ್ತರ: ಮೊದಲು ಕಾರಿನ ಕೀ ತೆಗೆದಿಡಿ, ತಾಯಿ. ಇದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ಕಟ್ಟುತ್ತದೆ. ಈಗ ಬೆರಳಿಗೆ, ಮೂಗಿಗೆ, ಎದೆಗೆ ಸಣ್ಣ ಉಪಕರಣ ಹಾಕಿಕೊಂಡು ಮನೆಯ ಮಂಚದಲ್ಲೇ ಪರೀಕ್ಷೆ ಮಾಡಿಸಬಹುದು. ಗಂಟೆಗೆ 30 ಸಲ ಅಥವಾ ಹೆಚ್ಚು ಉಸಿರು ನಿಂತರೆ, ಕುಗ್ಗಿದರೆ ತೀವ್ರ ಎನ್ನುತ್ತೇವೆ. ಆಗ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರವೇ ನನ್ನ ಮೊದಲ ಆಯ್ಕೆ. ಬೊಜ್ಜಿರುವವರ ಈ ತೊಂದರೆಗೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕ 2024ರಲ್ಲಿ ಒಪ್ಪಿದೆ, ಎಲ್ಲರಿಗೂ ಅದಲ್ಲ. ರಾತ್ರಿ ಮದ್ಯ, ತಾವಾಗಿ ತಂದ ನಿದ್ದೆ ಮಾತ್ರೆ ಬೇಡವೇ ಬೇಡ. ವೈದ್ಯರಲ್ಲಿಗೆ ನೀವೂ ಹೋಗಿ, ಉಸಿರು ನಿಂತದ್ದನ್ನು ಕಂಡವರು ನೀವೇ.